ದೊಡ್ಡಮ್ಮನ ಕಿವಿ ಡಬ್ಬಿ

ತಿಪಟೂರಿನಲ್ಲಿ ನನ್ನ ರಿಪೇರಿ ಮೇಜಿನ ಮುಂದೆ ಕೆಲಸ ಕಲಿಯಲು ಬಂದು ಕೂರುವವರೆಲ್ಲ ಮೊದಲು ಕೇಳುವುದು ಒಂದೇ ಮಾತು, ಯಾವ ಸೋಲ್ಡರಿಂಗ್ ಐರನ್ ತಗೊಳ್ಳಲಿ ಮೇಡಂ ಎಂದು. ಮೊಬೈಲ್ ಬೋರ್ಡಿನಲ್ಲಿ ಸಾಸಿವೆಗಿಂತ ಸಣ್ಣ ಭಾಗಗಳನ್ನು ಬಿಸಿ ಮಾಡಿ ಕಿತ್ತು, ಹೊಸದನ್ನು ಕೂರಿಸುವ ಕೆಲಸ ನಮ್ಮದು. ಹಾಗಾಗಿ ಪ್ರಶ್ನೆ ತಪ್ಪಲ್ಲ. ನಾನು ಮಾತ್ರ ಹಲ್ಲುಜ್ಜುವ ಹಳೇ ಬ್ರಷ್ಷು, ಒಂದು ಸಣ್ಣ ಸೀಸೆ ಸ್ಪಿರಿಟ್ಟು ತನ್ನಿ, ಸಾಕು ಎನ್ನುತ್ತೇನೆ. ಮೊದಲ ಹದಿನೈದು ದಿನ ಬೋರ್ಡು ಒರೆಸುವುದೇ ಕೆಲಸ, ಐರನ್ ಮುಟ್ಟುವ ಹಾಗಿಲ್ಲ. ಕೆಲವರು ಮುಖ ಊದಿಸಿಕೊಳ್ಳುತ್ತಾರೆ. ತುರುವೇಕೆರೆ ಕಡೆಯ ಒಬ್ಬ ಮೂರನೇ ದಿನಕ್ಕೇ ಬರುವುದು ನಿಲ್ಲಿಸಿ, ಆಯಮ್ಮ ಪಾತ್ರೆ ತೊಳೆಯೋದು ಕಲಿಸ್ತಾಳೆ ಎಂದು ಹೇಳಿಕೊಂಡು ತಿರುಗಿದನಂತೆ. ತಿರುಗಲಿ. ಇದೆಲ್ಲ ಶಿಸ್ತಿಗಾಗಿ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ನಿಜವಾದ ಕಾರಣ ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯ ಅಟ್ಟದ ಕೆಳಗೆ ಮಾಡಿದ ಒಂದು ಕೆಲಸ. ಅದನ್ನು ಇಷ್ಟು ವರ್ಷದಲ್ಲಿ ಒಬ್ಬರಿಗೆ ಮಾತ್ರ ಹೇಳಿದ್ದೇನೆ, ಹೇಳಿದ ರೀತಿ ನೋಡಿದರೆ ಹೇಳದಿದ್ದರೇ ಮಾನ ಉಳಿಯುತ್ತಿತ್ತು.

ನಮ್ಮ ಮನೆ ನೊಣವಿನಕೆರೆಗೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ತೋಟದ ಬದುವಿನ ಮೇಲೆ ಹತ್ತು ನಿಮಿಷ ನಡೆದರೆ ಸಿಗುತ್ತದೆ. ಹೆಂಚಿನ ಮನೆ. ಅದರಲ್ಲಿ ಮನುಷ್ಯರಿಗಿಂತ ತೆಂಗಿನಕಾಯಿಗೇ ಹೆಚ್ಚು ಜಾಗ. ನಡುಮನೆ, ಅಡುಗೆಮನೆ ಎರಡರ ಮೇಲೂ ಅಡಿಕೆ ದಬ್ಬೆ ಹಾಸಿದ ಅಟ್ಟ, ಅಟ್ಟದ ತುಂಬ ಸಿಪ್ಪೆ ಸುಲಿಯದ ಕಾಯಿ. ಹೆಚ್ಚುಕಡಿಮೆ ಒಂದು ವರ್ಷ ಅವು ಅಲ್ಲೇ ಬಿದ್ದಿರಬೇಕು. ಕೆಳಗಿನ ಒಲೆಯ ಹೊಗೆ, ಮೇಲಿನ ಹೆಂಚಿನ ಕಾವು ಎರಡೂ ಸೇರಿ ಒಳಗಿನ ನೀರು ಇಂಗಿ, ತಿರುಳು ಒಣಗಿ, ಕರಟದಿಂದ ಬಿಟ್ಟುಕೊಂಡು ಒಳಗೇ ಉಂಡೆಯಾಗಬೇಕು. ಆಗ ಒಡೆದರೆ ಉಂಡೆ ಕೊಬ್ಬರಿ. ಅದಕ್ಕೆ ಮೊದಲು ಒಡೆದರೆ ತಿರುಳು ಕರಟಕ್ಕೆ ಕಚ್ಚಿಕೊಂಡು ಚೂರಾಗುತ್ತದೆ, ಒಂದು ವರ್ಷ ಕಾದದ್ದು ಎಣ್ಣೆ ಗಾಣಕ್ಕೆ. ಊಟಕ್ಕೆ ಕೂತರೆ ಮೇಲಿನಿಂದ ಮಸಿ ಉದುರುತ್ತಿತ್ತು. ಅಮ್ಮ ಸಾರಿನ ಪಾತ್ರೆಯ ಮುಚ್ಚಳ ಎತ್ತಿ, ಬಡಿಸಿ, ಮಸಿ ಬೀಳುವುದರೊಳಗೆ ಮುಚ್ಚುವುದರಲ್ಲಿ ಪಳಗಿದ್ದಳು. ಅಟ್ಟದಲ್ಲಿ ಇಲಿ ಓಡಿ ಕಾಯಿ ಉರುಳಿದರೆ ಅಪ್ಪ ಮುದ್ದೆ ಮುರಿಯುವುದನ್ನು ಬಿಟ್ಟು ಕತ್ತು ಮೇಲೆತ್ತಿ ಕೂರುತ್ತಿದ್ದ.

ಆ ಕಾಯಿ ಒಳಗೆ ಬಿಟ್ಟುಕೊಂಡಿದೆಯೋ ಇಲ್ಲವೋ ಎಂದು ಹೊರಗಿನಿಂದ ಹೇಳುವ ಕಿವಿ ಮನೆಯಲ್ಲಿ ಒಂದೇ ಇತ್ತು, ದೊಡ್ಡಮ್ಮನದು. ದೊಡ್ಡಮ್ಮ ಎಂದರೆ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅವಳಿಗೆ ಆ ಮನೆಯಲ್ಲಿ ತನ್ನದು ಎಂದು ಇದ್ದದ್ದು ಅಟ್ಟದ ಏಣಿಯ ಪಕ್ಕದ ಒಂದು ಮಣೆ. ಕೊಬ್ಬರಿ ಒಡೆಯುವ ದಿನ ಬೆಳಿಗ್ಗೆ ಅಮ್ಮನ ಕೈಲಿ ಮೊದಲ ಕಾಯಿಗೆ ಕುಂಕುಮ ಇಡಿಸಿ ದೊಡ್ಡಮ್ಮ ಆ ಮಣೆಯ ಮೇಲೆ ಕೂತರೆ ಮನೆ ಗಪ್‌ಚುಪ್. ಟಿವಿ ಇಲ್ಲ, ರುಬ್ಬುವುದಿಲ್ಲ, ನಾನು ಜೋರಾಗಿ ಓದುವ ಹಾಗಿಲ್ಲ. ಅಪ್ಪ ಮೇಲಿನಿಂದ ಒಂದೊಂದೇ ಕಾಯಿ ಇಳಿಬಿಟ್ಟರೆ, ಅವಳು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿ ತೀರ್ಪು ಕೊಡುತ್ತಿದ್ದಳು.

“ಬುಟ್ಟೈತೆ.”

“ಬುಟ್ಟಿಲ್ಲ.”

ಬಿಟ್ಟದ್ದು ಬಲಕ್ಕೆ, ಬಿಡದ್ದು ಮತ್ತೆ ಅಟ್ಟಕ್ಕೆ. ಅಲ್ಲಾಡಿಸಿದರೆ ಕೈಗೂ ಗೊತ್ತಾಗುತ್ತದಲ್ಲ ಎಂದು ನಮ್ಮ ಕಡೆಯವರಲ್ಲದವರು ಕೇಳುತ್ತಾರೆ. ಪೂರಾ ಬಿಟ್ಟದ್ದು ಕೈಗೆ ತಿಳಿಯುತ್ತದೆ, ನಿಜ. ಮುಕ್ಕಾಲು ಬಿಟ್ಟು ಒಂದು ಕಡೆ ಮಾತ್ರ ಕಚ್ಚಿಕೊಂಡಿರುವುದು ಸಿಪ್ಪೆಯ ಆಚೆಯಿಂದ ಕಿವಿಗಷ್ಟೇ ತಿಳಿಯುವುದು. ಎಷ್ಟು ದೊಡ್ಡ ಜಗಳವಾದರೂ ಅಮ್ಮ ದೊಡ್ಡಮ್ಮನಿಗೆ ಎದುರು ಮಾತಾಡದ ದಿನ ಅದೊಂದೇ.

ನಾನು ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಆ ಕಿವಿ ಮಂದವಾಗತೊಡಗಿತ್ತು. ದೊಡ್ಡಮ್ಮ ಅದನ್ನು ಮುಚ್ಚಿಟ್ಟಳು. ಕಾಯನ್ನು ದವಡೆಯ ಮೂಳೆಗೆ ಒತ್ತಿ ಅಲ್ಲಾಡಿಸುವುದು, ಒಂದೇ ಕಾಯನ್ನು ಮೂರು ಮೂರು ಸಲ ನೋಡುವುದು ಶುರುವಾಯಿತು. ಅಡುಗೆಮನೆಯಲ್ಲಿ ಉಪ್ಪು ಕೇಳಿದರೆ ಸೊಪ್ಪು ಬರುತ್ತಿತ್ತು. ನಾವು ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ಕೊನೆಗೆ ಊರ ಸ್ಕೂಲಿನಲ್ಲಿ ನಡೆದ ಒಂದು ಉಚಿತ ಕ್ಯಾಂಪಿನಲ್ಲಿ ಅವಳಿಗೆ ಕಿವಿ ಕೇಳಿಸುವ ಮೆಷಿನ್ನು ಕೊಟ್ಟರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಒಳಗೊಂದು ಪೆನ್ಸಿಲ್ ಸೆಲ್ಲು, ಕೆಂಪು ದೀಪ, ಅದರಿಂದ ಕಿವಿಗೆ ಒಂದು ವೈರು, ವೈರಿನ ತುದಿಗೆ ಕಿವಿಯೊಳಗೆ ಕೂರುವ ಗುಂಡಿ. ಮನೆಯಲ್ಲಿ ಅದಕ್ಕೆ ಕಿವಿ ಡಬ್ಬಿ ಎಂದೇ ಹೆಸರಾಯಿತು. ಹಾಕಿಕೊಂಡ ದಿನ ದೊಡ್ಡಮ್ಮ ಗೋಡೆ ಗಡಿಯಾರ ನೋಡಿ, ಇದು ಇಷ್ಟು ಜೋರಾಗಿ ಹೊಡ್ಕತದಾ, ನೀವೆಲ್ಲ ಹೆಂಗೆ ಮಲಗ್ತೀರಪ್ಪ ಎಂದಳು. ಡಬ್ಬಿಯನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡಿದ್ದಳು. ಶಬ್ದ ಹಿಡಿಯುವುದು ಕಿವಿಯ ಗುಂಡಿ ಅಲ್ಲ, ಎದೆಯ ಮೇಲಿನ ಡಬ್ಬಿ ಎಂದು ಅವಳಿಗೆ ಯಾರೂ ಹೇಳಿಕೊಡಲಿಲ್ಲ, ಎರಡೇ ದಿನದಲ್ಲಿ ತಾನೇ ಕಂಡುಕೊಂಡಳು. ಅಲ್ಲಿಂದ ಮುಂದೆ ಕಾಯನ್ನು ಕಿವಿಗೆ ಹಿಡಿಯುತ್ತಿರಲಿಲ್ಲ, ಎದೆಯ ಮುಂದೆ ಹಿಡಿದು ಅಲ್ಲಾಡಿಸುತ್ತಿದ್ದಳು. ಮಣೆಯ ಮೇಲೆ ಮತ್ತೆ ಬೆನ್ನು ನೆಟ್ಟಗೆ ಮಾಡಿ ಕೂತಳು.

ಒಂದು ವರ್ಷವಾದ ಮೇಲೆ ಡಬ್ಬಿ ತಕರಾರು ತೆಗೆಯಿತು.

“ಕರಕರ ಅಂತೈತೆ ಕಣೆ ಇದು. ಮಧ್ಯ ಮಧ್ಯ ನಿಂತೋಯ್ತದೆ.”

ಮುಂದಿನ ಕ್ಯಾಂಪಿನಲ್ಲಿ ತೋರಿಸೋಣ ಎಂದು ಅಪ್ಪ ಹೇಳಿದ. ನಾನು ಅಷ್ಟು ದಿನ ಕಾಯುವವಳಲ್ಲ. ಯಾಕೆಂದರೆ ಅದಕ್ಕೆ ಸ್ವಲ್ಪ ದಿನ ಮೊದಲು ಅಪ್ಪನ ರೇಡಿಯೋದಲ್ಲಿ ಕಿತ್ತುಹೋಗಿದ್ದ ಒಂದು ವೈರನ್ನು ತಿರುಚಿ ಸೇರಿಸಿದ್ದೆ, ಅದು ಮಾತಾಡಿಬಿಟ್ಟಿತ್ತು. ನಮ್ಮುಡುಗಿ ಇಂಜಿನಿಯರ್ ಕಣ್ಲಾ ಎಂದು ಅಪ್ಪ ಪಕ್ಕದ ತೋಟದವರಿಗೆಲ್ಲ ಸಾರಿದ್ದ. ನನ್ನ ತಲೆ ಅಟ್ಟಕ್ಕೆ ತಾಗುತ್ತಿತ್ತು. ಒಂದು ಭಾನುವಾರ ಅಪ್ಪ, ಅಮ್ಮ ಕಂದಿಕೆರೆಗೆ ಗೃಹಪ್ರವೇಶಕ್ಕೆ ಹೋದರು. ದೊಡ್ಡಮ್ಮ ಶುಭಕಾರ್ಯಗಳಿಗೆ ತಾನಾಗಿಯೇ ಹೋಗುತ್ತಿರಲಿಲ್ಲ. ಮುದ್ದೆ, ಉಪ್ಪೆಸರು ಉಂಡು, ಡಬ್ಬಿ ಬಿಚ್ಚಿ ಗೋಡೆಯ ಗೂಡಿನಲ್ಲಿಟ್ಟು, ಚಾಪೆಯ ಮೇಲೆ ಅಡ್ಡಾದಳು. ನಾನು ಡಬ್ಬಿ ತೆಗೆದುಕೊಂಡೆ. ಕೇಳಲಿಲ್ಲ. ಎದ್ದ ಮೇಲೆ ಸರಿಯಾದ ಡಬ್ಬಿ ಕೊಟ್ಟು ಬೆರಗು ಮಾಡಬೇಕು ಎಂದಿತ್ತು.

ನನ್ನ ಸಲಕರಣೆಗಳು ಇವು: ಅಮ್ಮನ ತಲೆಪಿನ್ನು, ಬೀಗದ ಗೊಂಚಲಿನಲ್ಲಿದ್ದ ಮುಳ್ಳು ಕೀಳುವ ಚಿಮಟ, ಔಷಧಿ ಹೊಡೆಯುವ ಹಿತ್ತಾಳೆ ಪಂಪು ಸೋರಿದರೆ ಅಪ್ಪ ಬೆಸೆಯುತ್ತಿದ್ದ ದೊಡ್ಡ ಐರನ್, ಬೆಸೆಯುವ ಮೊದಲು ಹಿತ್ತಾಳೆಗೆ ಹಚ್ಚುತ್ತಿದ್ದ ಆಸಿಡ್ ಸೀಸೆ. ಐರನ್ನಿನ ಮೂತಿ ನನ್ನ ಹೆಬ್ಬೆರಳಿನಷ್ಟು ದಪ್ಪ. ತಲೆಪಿನ್ನಿನಿಂದ ಡಬ್ಬಿ ತೆರೆದೆ. ಸೆಲ್ಲು ಕೂರುವ ಸ್ಪ್ರಿಂಗಿನ ಮೇಲೆ, ಅದರ ಬುಡದಲ್ಲಿ ಹಸಿರು ಪುಡಿ ಕಟ್ಟಿಕೊಂಡಿತ್ತು. ಕಿಲುಬು. ಕುಪ್ಪಸದೊಳಗಿನ ಬೆವರು ವರ್ಷವಿಡೀ ಇಳಿದು ಹಿಡಿದ ಕಿಲುಬು. ಕಿಲುಬು ಹಿಡಿದರೆ ಉಜ್ಜಬೇಕು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ದೇವರ ಮುಂದಿನ ತಂಬಿಗೆಯನ್ನು ವಾರವಾರ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದವಳು ನಾನೇ. ಆದರೆ ಅವತ್ತು ನಾನು ಇಂಜಿನಿಯರ್ ಆಗಿದ್ದೆ. ಉಜ್ಜುವುದು ಹೆಂಗಸರ ಕೆಲಸ, ಬೆಸೆಯುವುದು ಕಲಿತವರ ಕೆಲಸ ಎಂದು ನನ್ನ ಲೆಕ್ಕಾಚಾರ. ಕಿಲುಬನ್ನು ಹಾಗೇ ಬಿಟ್ಟು, ಹಸಿರು ಬೋರ್ಡಿನ ಮೇಲೆ ಬಿರುಕು ಬಿಟ್ಟಿದೆ ಎಂದು ನಾನೇ ಅಂದುಕೊಂಡ ಒಂದು ಜಾಗಕ್ಕೆ ಆಸಿಡ್ ಹಚ್ಚಿ, ಐರನ್ ಇಟ್ಟೆ.

ಹೊಗೆ ಬಂತು. ಸೀಸದ ಹನಿ ಬೇಕಾದಲ್ಲಿ ನಿಲ್ಲದೆ ಪಕ್ಕದ ಸಣ್ಣ ಕರಿ ತುಂಡಿನ ಎರಡು ಕಾಲನ್ನು ಸೇರಿಸಿ ಗಟ್ಟಿಯಾಯಿತು. ಬಿಡಿಸಲು ಮತ್ತೆ ಐರನ್ ಇಟ್ಟರೆ ಕೆಳಗಿನ ತಾಮ್ರದ ಗೆರೆಯೇ ಎದ್ದುಬಂತು. ಸೆಲ್ಲು ಹಾಕಿ ನೋಡಿದೆ, ಕೆಂಪು ದೀಪ ಹತ್ತಿತು. ಗುಂಡಿಯನ್ನು ನನ್ನ ಕಿವಿಗಿಟ್ಟುಕೊಂಡೆ. ಏನೂ ಇಲ್ಲ. ಡಬ್ಬಿ ಮುಚ್ಚಿ ಗೂಡಿನಲ್ಲಿಟ್ಟು, ಸುಟ್ಟ ವಾಸನೆ ಹೋಗಲೆಂದು ಕಿಟಕಿ ತೆಗೆದು, ಪುಸ್ತಕ ಹಿಡಿದು ಕೂತೆ. ದೊಡ್ಡಮ್ಮ ಎದ್ದು ಡಬ್ಬಿ ಹಾಕಿಕೊಂಡಳು. ಸದ್ದು ಹೆಚ್ಚಿಸುವ ಚಕ್ರ ತಿರುಗಿಸಿದಳು, ಬೆರಳಿನಿಂದ ತಟ್ಟಿದಳು, ನನ್ನ ಕಡೆ ನೋಡಿದಳು.

“ಏನಾರ ಮಾತಾಡೆ ಪುಟ್ಟಿ.”

ದೊಡ್ಡಮ್ಮ ಎಂದೆ. ಅವಳು ಇನ್ನೂ ನನ್ನ ಬಾಯನ್ನೇ ನೋಡುತ್ತ ಕಾಯುತ್ತಿದ್ದಳು.

ಸಂಜೆ ಅಪ್ಪ ಬಂದು ಹೊಸ ಸೆಲ್ಲು ಹಾಕಿದ. ದೀಪ ಹತ್ತಿತು, ದೊಡ್ಡಮ್ಮನಿಗೆ ಕೇಳಿಸಲಿಲ್ಲ. ಆಗ ಅಪ್ಪ ಮನೆಯ ಇಂಜಿನಿಯರನ್ನು ಕರೆದ.

“ನೀನು ಕಿವಿಗಿಟ್ಕಂಡು ನೋಡಮ್ಮ. ಡಬ್ಬಿ ಕೆಟ್ಟೋಗೈತಾ, ಹೆಂಗೆ?”

ನಾನು ಗುಂಡಿಯನ್ನು ಕಿವಿಗಿಟ್ಟುಕೊಂಡು, ಕೇಳಿಸಿಕೊಳ್ಳುವವಳ ಹಾಗೆ ತಲೆ ವಾಲಿಸಿ, ಹೇಳಿದೆ:

“ಚೆನ್ನಾಗೈತೆ ಕಣಪ್ಪ. ಎಲ್ಲ ಕೇಳ್ಸತೈತೆ.”

ಬೋರ್ಡು ಸುಟ್ಟದ್ದನ್ನು ಇವತ್ತು ನಾನು ಮನ್ನಿಸಬಲ್ಲೆ. ಕಲಿಯುವವರು ಸುಡುತ್ತಾರೆ, ನನ್ನ ಬಳಿ ಕಲಿಯುವವರೂ ಸುಡುತ್ತಾರೆ, ನಾನು ಬೈದು ಸುಮ್ಮನಾಗುತ್ತೇನೆ. ಆ ಒಂದು ಮಾತನ್ನು ಮನ್ನಿಸಲು ಆಗಿಲ್ಲ. ಅಪ್ಪ ದೊಡ್ಡಮ್ಮನ ಮುಂದೆ ಕೂತು ಡಬ್ಬಿ ಮುಟ್ಟಿ ಸರಿಯಿದೆ ಎಂದು ತಲೆಯಾಡಿಸಿದ, ಆಮೇಲೆ ತನ್ನ ಕಿವಿ ಮುಟ್ಟಿ ಅಂಗೈ ತಿರುವಿದ. ಅವಳಿಗೆ ಅರ್ಥವಾಯಿತು. ಗುಂಡಿಯನ್ನು ಕಿವಿಯಿಂದ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಅಲ್ಲೇ ಇಟ್ಟುಕೊಂಡಳು.

“ಡಬ್ಬೀದೇನು ತಪ್ಪಿಲ್ಲ ಬುಡಪ್ಪ. ನಂದೇ ಪೂರಾ ಹೋಯ್ತು.”

ಕಿವಿಯೇ ಹೋದ ಮೇಲೆ ಅತ್ತಿಗೇನ ಕ್ಯಾಂಪಿಗೆ ಯಾಕೆ ಅಲೆಸೋದು ಎಂದು ಅಪ್ಪ ಆ ಮಾತನ್ನೇ ಬಿಟ್ಟ. ಆದರೆ ದೊಡ್ಡಮ್ಮ ಡಬ್ಬಿ ಬಿಡಲಿಲ್ಲ. ದಿನವೂ ಹಾಕಿಕೊಳ್ಳುತ್ತಿದ್ದಳು, ಒಂದು ದಿನ ಕಿವಿ ತಿರುಗಿ ಬಂದರೆ ತನ್ನ ಕಡೆಯಿಂದ ಕೊರತೆ ಇರಬಾರದು ಎನ್ನುವ ಹಾಗೆ. ಮುಂದಿನ ಸಲ ಕೊಬ್ಬರಿ ಒಡೆಯುವ ದಿನವೂ ಕುಂಕುಮ ಇಡಿಸಿ ಮಣೆಯ ಮೇಲೆ ಕೂತಳು. ಕಾಯನ್ನು ಆ ಸತ್ತ ಡಬ್ಬಿಯ ಮುಂದೆ ಹಿಡಿದು ಅಲ್ಲಾಡಿಸಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಬುಟ್ಟೈತೆ ಎಂದಳು. ಕೈಗೆ ತಿಳಿದಷ್ಟು ಸರಿಯಾಗಿಯೇ ಹೇಳಿದಳು, ತಿಳಿಯದ್ದನ್ನು ಧೈರ್ಯದಿಂದ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಅಮ್ಮ ಒಡೆದ ರಾಶಿಯಲ್ಲಿ ಕರಟಕ್ಕೆ ಕಚ್ಚಿಕೊಂಡ ಹಸಿ ಚೂರುಗಳದ್ದೇ ಒಂದು ಗುಡ್ಡೆ. ಅಪ್ಪ ಅಟ್ಟದ ಮೇಲಿಂದಲೇ ಕೂಗಾಡಿದ. ಅಮ್ಮ, ನನ್ಮೇಲೆ ಯಾಕೆ ಕೂಗ್ತೀರಿ, ಹೇಳೋರಿಗೆ ಹೇಳಿ ಎಂದಳು. ಇಬ್ಬರ ನಡುವೆ ದೊಡ್ಡಮ್ಮ ಕೈಲಿ ಕಾಯಿ ಹಿಡಿದುಕೊಂಡು, ಯಾರು ಏನು ಹೇಳುತ್ತಿದ್ದಾರೆಂದು ತಿಳಿಯದೆ, ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣಾಡಿಸುತ್ತಿದ್ದಳು. ಕೊನೆಗೆ ಅಮ್ಮ ಅವಳ ಕೈಯಿಂದ ಕಾಯಿ ತೆಗೆದುಕೊಂಡು, ಒಳಗೆ ಹೋಗಿ ಅವರೆಕಾಯಿ ಸುಲೀರಿ ಅಕ್ಕ ಎಂದು ಕೈಸನ್ನೆ ಮಾಡಿದಳು. ಅಮ್ಮ ಒರಟಾಗಿ ಹೇಳಲಿಲ್ಲ. ದೊಡ್ಡಮ್ಮ ಎದ್ದು, ಮಣೆಯನ್ನು ಸೆರಗಿನಿಂದ ಒರೆಸಿ, ಒಳಗೆ ಹೋದಳು.

ಆಮೇಲೆ ಅಮ್ಮ ನನ್ನ ಕಡೆ ತಿರುಗಿದಳು.

“ನಿಂದು ಎಳೇ ಕಿವಿ. ನೀನು ಕೂತ್ಕ ಬಾ.”

ನಾನು ಕೂತೆ. ಮಣೆ ಇನ್ನೂ ಬೆಚ್ಚಗಿತ್ತು. ಮೊದಲ ಕಾಯಿ ಅಲ್ಲಾಡಿಸಿದಾಗ ಒಳಗೆ ಉಂಡೆ ಉರುಳುವ ಸದ್ದು ಎಷ್ಟು ಸ್ಪಷ್ಟವಾಗಿ ಕೇಳಿತೆಂದರೆ ನನಗೆ ಖುಷಿಯಾಯಿತು. ಹೌದು, ಖುಷಿಯಾಯಿತು, ಅದನ್ನೂ ಬರೆಯಬೇಕು. ಅವತ್ತು ನಾನು ಹೇಳಿದ್ದರಲ್ಲಿ ಒಂದೂ ತಪ್ಪಲಿಲ್ಲ, ರಾತ್ರಿ ಊಟಕ್ಕೆ ಅಮ್ಮ ನನಗೇ ಮೊದಲು ಬಡಿಸಿದಳು. ಹತ್ತಿರದಲ್ಲೇ ದೊಡ್ಡಮ್ಮ ತಾನು ಸುಲಿದ ಅವರೆಕಾಳಿನ ಸಾರು ಉಣ್ಣುತ್ತಿದ್ದಳು. ಆ ವರ್ಷದಿಂದ ಅವಳು ಒಂದು ಹೊಸ ಅಭ್ಯಾಸ ಕಲಿತಳು. ಯಾರು ಏನು ಹೇಳಿದರೂ ತಲೆಯಾಡಿಸಿ ಒಂದೇ ಉತ್ತರ.

“ಹೂಂ ಕಣವ್ವ. ಆಯ್ತು ಬುಡು.”

ಡಿಪ್ಲೊಮಾ ಓದಿದೆ, ಮೊಬೈಲ್ ಅಂಗಡಿಗಳಲ್ಲಿ ದುಡಿದೆ, ಕೊನೆಗೆ ತಿಪಟೂರಿನಲ್ಲಿ ನನ್ನದೇ ಮೇಜು ಹಾಕಿದೆ. ಮೈಕ್ರೋಸ್ಕೋಪ್ ಕೊಂಡ ದಿನ ಅದರಡಿ ಏನನ್ನಿಟ್ಟು ನೋಡಬೇಕೆಂದು ನನಗೆ ಗೊತ್ತಿತ್ತು. ಆದರೂ ನಾಲ್ಕು ವರ್ಷ ನೋಡಲಿಲ್ಲ. ಮಣೆಯಿಂದ ಎದ್ದ ದಿನ ದೊಡ್ಡಮ್ಮ ಬಿಚ್ಚಿದ ಆ ಡಬ್ಬಿ ಅವಳ ಎಲೆಅಡಿಕೆ ಸಂಚಿಯಲ್ಲೇ ಇದೆ ಎಂದು ಗೊತ್ತಿದ್ದೂ ಕೇಳಲಿಲ್ಲ. ಈಗ ಅವಳಿಗೆ ಎಂಬತ್ತು ದಾಟಿದೆ. ಕಳೆದ ಶ್ರಾವಣದಲ್ಲಿ ಊರಿಗೆ ಹೋದಾಗ ಜಗಲಿಯ ಮೇಲೆ ಅವಳೊಬ್ಬಳೇ ಕೂತಿದ್ದಳು. ಅದೇನು ತೋಚಿತೋ, ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಕಂದಿಕೆರೆಯ ಗೃಹಪ್ರವೇಶದಿಂದ ಹಿಡಿದು ಎಲ್ಲ ಕೇಳ್ಸತೈತೆ ಎಂದದ್ದರವರೆಗೆ, ಒಂದನ್ನೂ ಬಿಡದೆ. ಹೇಳುತ್ತ ಅತ್ತೆ. ದೊಡ್ಡಮ್ಮ ನನ್ನ ಬೆನ್ನ ಮೇಲೆ ಕೈಯಾಡಿಸಿ, ಹೂಂ ಕಣವ್ವ, ಆಯ್ತು ಬುಡು ಎಂದಳು. ನನ್ನ ಎದೆ ಹಗುರಾಯಿತು. ಒಳಗೆ ಹೋಗಿ ಎರಡು ಮುದ್ದೆ ಉಂಡೆ. ನಾನು ಉಣ್ಣುತ್ತಿರುವಾಗ ಅಮ್ಮ ಹೊರಗೆ ಹೋಗಿ ದೊಡ್ಡಮ್ಮನಿಗೆ, ಹಸ ಹಗ್ಗ ಕಿತ್ಕಂಡು ತೋಟಕ್ಕೆ ನುಗ್ಗೈತೆ ಎಂದು ಕೂಗಿ ಹೇಳಿದಳು.

“ಹೂಂ ಕಣವ್ವ. ಆಯ್ತು ಬುಡು.”

ಕೈಲಿದ್ದ ತುತ್ತನ್ನು ತಟ್ಟೆಗೇ ಹಾಕಿದೆ. ಕೇಳದ ಕಿವಿಗೆ ಹೇಳಿ, ಹಸುವಿಗೆ ಸಿಕ್ಕ ಕ್ಷಮೆಯನ್ನೇ ನಾನೂ ಪಡೆದುಕೊಂಡಿದ್ದೆ. ಆ ಕಿವಿಗೆ ಕೇಳುವುದಿಲ್ಲ ಎಂದು ಗೊತ್ತಿದ್ದದ್ದರಿಂದಲೇ ಅಷ್ಟು ಚೆನ್ನಾಗಿ ಹೇಳಲು ಆಯಿತು ಎಂಬುದೂ ಆಗಲೇ ಹೊಳೆಯಿತು. ಅವತ್ತೇ ಕೈಸನ್ನೆಯಲ್ಲಿ ಡಬ್ಬಿ ಕೇಳಿ ತಂದೆ.

ಮೈಕ್ರೋಸ್ಕೋಪಿನಡಿ ನನ್ನ ಒಂಬತ್ತನೇ ಕ್ಲಾಸು ಹಾಗೇ ಬಿದ್ದಿತ್ತು. ಗುಡ್ಡದಷ್ಟು ದೊಡ್ಡದಾಗಿ ಕಾಣುವ ಸೀಸದ ಹನಿ, ಎದ್ದು ಸುರುಟಿಕೊಂಡ ತಾಮ್ರದ ಗೆರೆ, ಅಪ್ಪನ ಆಸಿಡ್ ಅಷ್ಟು ವರ್ಷವೂ ಒಳಗೊಳಗೇ ತಿಂದಿದ್ದ ಜಾಗ. ಮೊದಲು ಸ್ಪಿರಿಟ್ ಹಾಕಿ ಬ್ರಷ್ಷಿನಿಂದ ಎಲ್ಲವನ್ನೂ ಉಜ್ಜಿದೆ. ಸೀಸ ಸಲೀಸಾಗಿ ಕರಗಿ ಬರಲೆಂದು ಹಚ್ಚುವ ಫ್ಲಕ್ಸ್ ಒಂದು ತೊಟ್ಟು ಇಟ್ಟು, ತಾಮ್ರದ ಜಾಲರಿ ಪಟ್ಟಿಯಿಂದ ಆ ಹನಿಯನ್ನು ಹೀರಿ ತೆಗೆದೆ. ಅಂಟಿದ್ದ ಎರಡು ಕಾಲು ಬೇರೆಯಾದವು. ಹೋದ ಗೆರೆಯ ಬದಲಿಗೆ ಕೂದಲಿಗಿಂತ ತೆಳುವಾದ ತಂತಿಯನ್ನು ಚೂಪು ಚಿಮಟದಲ್ಲಿ ಹಿಡಿದು, ಸೂಜಿಮೊನೆಯ ಐರನ್ನಿನಿಂದ ಎರಡು ತುದಿಗೂ ಬೆಸೆದೆ. ಗೆರೆ ಕೂಡಿಕೊಂಡಿದೆಯೇ ಎಂದು ಮೀಟರ್ ಹಿಡಿದರೆ ಕುಂಯ್ ಎಂದಿತು. ಆ ಕರಿ ತುಂಡು ಸತ್ತಿರಲೇ ಇಲ್ಲ, ಇಷ್ಟು ವರ್ಷ ಸಂಚಿಯಲ್ಲಿ ಜೀವಂತವಾಗಿಯೇ ಮಲಗಿತ್ತು. ಒಟ್ಟು ಅರ್ಧ ಗಂಟೆಯ ಕೆಲಸ. ಇನ್ನು ಮೊದಲಿನ ಕರಕರಕ್ಕೆ ಕಾರಣವಾಗಿದ್ದ ಸ್ಪ್ರಿಂಗಿನ ಕಿಲುಬು? ಬ್ರಷ್ಷಿಗೆ ಅದು ಎರಡು ನಿಮಿಷದಲ್ಲಿ ಹೋಗಿತ್ತು.

ಮುಂದಿನ ಭಾನುವಾರ ಡಬ್ಬಿ ತೆಗೆದುಕೊಂಡು ಹೋದೆ. ನಡುಮನೆಯಲ್ಲಿ ಎಲ್ಲರೂ ಸುತ್ತ ನಿಂತರು. ಗುಂಡಿ ಕಿವಿಗಿಟ್ಟು ಚಕ್ರವನ್ನು ಪೂರ್ತಿ ತಿರುಗಿಸಿದೆ. ದೊಡ್ಡಮ್ಮನ ಮುಖ ಮೊದಲು ಗೋಡೆ ಗಡಿಯಾರದ ಕಡೆ ತಿರುಗಿತು. ಅಮ್ಮ ಕಣ್ಣೊರೆಸಿಕೊಂಡಳು. ನಮ್ಮುಡುಗಿ ಕೈ ಅಂದ್ರೆ ಕೈ ಎಂದ ಅಪ್ಪ, ಆಮೇಲೆ ಹುಬ್ಬು ಗಂಟಿಕ್ಕಿದ.

“ಅಲ್ಲ ಕಣಮ್ಮ, ಹಂಗಾದ್ರೆ ಕೆಟ್ಟಿದ್ದು ಡಬ್ಬೀನೇ? ಅವತ್ತು ಚೆನ್ನಾಗೈತೆ ಅಂದಿದ್ದಲ್ಲ ನೀನು?”

“ಆಮೇಲೆ ಕೆಟ್ಟಿರಬೇಕು ಕಣಪ್ಪ,” ಎಂದೆ. ಎರಡನೇ ಸಲವೂ ಅಪ್ಪ ನನ್ನ ಮಾತು ನಂಬಿದ.

ಅವರು ಆಚೆ ಹೋದ ಮೇಲೆ ದೊಡ್ಡಮ್ಮ ನನ್ನ ಮುಂಗೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ಅವತ್ತು ಜಗಲಿ ಮೇಲೆ ಕೂತ್ಕಂಡು ಅದೇನೋ ಉದ್ದುಕ್ಕೆ ಹೇಳ್ದಲ್ಲ. ಕಣ್ಣಲ್ಲಿ ನೀರು ಬೇರೆ. ನಂಗೊಂದೂ ಕೇಳ್ಲಿಲ್ಲ, ಸುಮ್ನೆ ಹೂಂ ಅಂದೆ. ಏನವ್ವ ಅದು? ಈಗ ಕೇಳ್ಸತೈತೆ, ಹೇಳು.”

ಡಬ್ಬಿ ಅವಳ ಎದೆಯ ಮೇಲಿತ್ತು, ಕೆಂಪು ದೀಪ ಹತ್ತಿತ್ತು. ನಾನು ಪಿಸುಗುಟ್ಟಿದ್ದರೂ ಕೇಳುತ್ತಿತ್ತು.

“ಏನಿಲ್ಲ ದೊಡ್ಡಮ್ಮ. ಅಂಗಡಿ ತಾಪತ್ರಯ.”

ಅವಳು ಹಿಡಿದಿದ್ದ ನನ್ನ ಮುಂಗೈ ಬಿಟ್ಟು ಅಟ್ಟದ ಕಡೆ ನೋಡಿದಳು. ಆಮೇಲೆ, ಒಂದು ಕಾಯಿ ತಕಂಬಾ ನೋಡನ ಎಂದಳು. ನಾನು ಏಣಿ ಹತ್ತಿ ಕೈಗೆ ಸಿಕ್ಕ ಒಂದನ್ನು ಅಟ್ಟದಿಂದ ಇಳಿಸಿ ಕೊಟ್ಟೆ. ಅದನ್ನು ಎದೆಯ ಮುಂದೆ ಹಿಡಿದು, ಕಣ್ಣು ಮುಚ್ಚಿ, ಒಂದೇ ಒಂದು ಸಲ ಅಲ್ಲಾಡಿಸಿದಳು.

“ಇನ್ನೂ ಬುಟ್ಟಿಲ್ಲ ಕಣವ್ವ ಇದು,” ಎಂದು ಕಾಯನ್ನು ನನ್ನ ಕೈಗೇ ವಾಪಸ್ಸು ಕೊಟ್ಟಳು.